ಸೀಟಕ್ಕನ ತಮ್ಮ

ಬೆಳಗ್ಗೆ ಎದುರು ಸಾಲಿನ ಕ್ಷೌರದಂಗಡಿಯ ಷಟರ್ ಗಡಗಡ ಮೇಲೆ ಹೋಗುವ ಸದ್ದು ಕೇಳಿಸಿತೆಂದರೆ, ಅದರ ಬೆನ್ನಿಗೇ ಆ ಅಂಗಡಿಯವನ ದನಿ ರಸ್ತೆ ದಾಟಿ ದೊಡ್ಡಮ್ಮನ ಮನೆಗೆ ಬರುತ್ತಿತ್ತು.

"ಸೀಟಕ್ಕ, ತಮ್ಮ ಎದ್ನಾ?"

"ಇನ್ನೂ ಇಲ್ಲಪ್ಪ. ಎಣ್ಣೆ ಹಾಕಿದೀನಿ, ಎರಡು ಸಲ ಒದ್ದೂ ಆಯ್ತು. ಗೊರಗೊರ ಅಂತಾನೆ, ಏಳಲ್ಲ."

ಕಾಲೇಜಿಗೆಂದು ನನ್ನನ್ನು ಆ ಮನೆಯಲ್ಲಿ ಬಿಟ್ಟುಹೋದ ಮಾರನೆಯ ಬೆಳಗ್ಗೆ ಈ ಮಾತು ಕಿವಿಗೆ ಬಿದ್ದು ನಾನು ಹಾಸಿಗೆಯಲ್ಲೇ ಎದ್ದು ಕೂತಿದ್ದೆ. ದೊಡ್ಡಮ್ಮನಿಗೊಬ್ಬ ಕುಡುಕ ತಮ್ಮನಿದ್ದಾನೆ, ಅವನಿಗೆ ಇವರೇ ಬೆಳಬೆಳಗ್ಗೆ ಎಣ್ಣೆ ಹೊಯ್ಯುತ್ತಾರೆ, ಆಮೇಲೆ ಇವರೇ ಒದೆಯುತ್ತಾರೆ, ಅದನ್ನು ಬೀದಿಗೆಲ್ಲ ಕೇಳುವಂತೆ ಹೇಳುತ್ತಾರೆ. ಅಪ್ಪ ನನ್ನನ್ನು ಎಂಥ ಮನೆಗೆ ತಂದು ಹಾಕಿದರಪ್ಪ ಎಂದುಕೊಳ್ಳುತ್ತಿರುವಾಗಲೇ ಅಂಗಳದಲ್ಲಿ ಡಬ್ ಡಬ್ ಡಬ್ ಎಂದು ಸದ್ದು ಶುರುವಾಯಿತು. ಕಿಟಕಿಯಿಂದ ಇಣುಕಿದೆ. ದೊಡ್ಡಪ್ಪನ ಹಳೆಯ ಪ್ಯಾಂಟಿನ ಕಾಲು ಮಡಚಿಕೊಂಡ ದೊಡ್ಡಮ್ಮ ಒಂದು ಕರಿ ಮೋಟಾರುಬೈಕಿನ ಪಕ್ಕ ನಿಂತು, ಅದರ ಟ್ಯಾಂಕಿನ ಮೇಲೆ ಕೈಯಾಡಿಸುತ್ತ, "ಹ್ಞೂಂ, ಎದ್ದ" ಎಂದರು. ಎದುರಿನವನು "ಸರಿ ಹಾಗಾದ್ರೆ" ಎಂದು ಕತ್ತರಿ ಹಿಡಿದು ಒಳಗೆ ಹೋದ.

ಆ ಬೈಕು ಈಗ ನನ್ನ ಮನೆಯ ಮುಂದಿನ ಜಗುಲಿಯಲ್ಲಿದೆ. ದೊಡ್ಡಮ್ಮ ತೀರಿಕೊಂಡು ಕೆಲವು ವರ್ಷಗಳಾದವು. ಈ ಗುಜರಿಯನ್ನು ಯಾಕೆ ಇಟ್ಟುಕೊಂಡಿದ್ದೀಯ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಕೇಳುವವರಿಗೇನು, ನಾಲಗೆಗೆ ಎಲುಬಿಲ್ಲ. ಆದರೆ ಒಬ್ಬಳೇ ಇದ್ದಾಗ ಅದರ ಸೀಟಿನ ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತೇನೆ. ಆಗ ಆ ಮನೆ, ಆ ಬೀದಿ, ರೆಕ್ಸಿನ್ನಿನ ಆ ವಾಸನೆ ಎಲ್ಲ ಮೂಗಿನ ತುದಿಗೆ ಬಂದು ನಿಲ್ಲುತ್ತದೆ. ಬದುಕಿನಲ್ಲಿ ನಾನು ಅಷ್ಟು ಸುಖವಾಗಿದ್ದ ಮನೆ ಇನ್ನೊಂದಿಲ್ಲ.

ದೊಡ್ಡಮ್ಮ ಸೀಟು ಹೊಲಿಯುತ್ತಿದ್ದರು. ಬಸ್ಸಿನ ಸೀಟು, ದಂತವೈದ್ಯರ ಕುರ್ಚಿ, ಸಿನಿಮಾ ಮಂದಿರದ ಹರಿದ ಸಾಲು, ಎದುರಿನ ಕ್ಷೌರದಂಗಡಿಯ ತಿರುಗುವ ಕುರ್ಚಿ, ಎಲ್ಲವೂ ಅವರ ಕೈಯಲ್ಲೇ ಹೊಸದಾಗುತ್ತಿದ್ದವು. ಅದಕ್ಕೇ ಊರಿಗೆಲ್ಲ ಅವರು ಸೀಟಕ್ಕ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ: ಗೋಡೆಗೆ ಒರಗಿಸಿದ ಫೋಮಿನ ಸುರುಳಿಗಳು, ಕಾಲಿಗೆ ಚುಚ್ಚುವ ಸ್ಟೇಪಲ್ ಪಿನ್ನುಗಳು, ಕಿಟಕಿಯ ಬದಿಗೆ ಎದೆಯೆತ್ತರದ ಹೊಲಿಗೆ ಯಂತ್ರ, ಗೋಡೆಯ ಮೊಳೆಗೆ ನೇತುಹಾಕಿದ ದಬ್ಬಣಗಳು. ಹಳೆಯ ಸೀಟಿನ ರೆಕ್ಸಿನ್ ಬಿಚ್ಚಿ ಒಳಗಿನ ಫೋಮಿನ ಗುಳಿ ನೋಡಿ ಅವರು ಕೂತವರ ಜಾತಕ ಹೇಳುತ್ತಿದ್ದರು. "ಈ ಮನುಷ್ಯ ಒಂದೇ ಪಕ್ಕಕ್ಕೆ ಭಾರ ಹಾಕ್ತಾನೆ. ಜೇಬಲ್ಲಿ ದಪ್ಪ ಪರ್ಸು ಇದೆ, ಇಲ್ಲಾಂದ್ರೆ ಹೆಂಡತಿ ಪಕ್ಕದಲ್ಲಿ ಕೂತು ಗೊಣಗ್ತಾಳೆ." ದೊಡ್ಡಪ್ಪ ಪತ್ರಿಕೆಯ ಹಿಂದಿನಿಂದಲೇ, "ಎರಡನೇದೇ ಇರ್ಬೇಕು" ಎನ್ನುತ್ತಿದ್ದರು.

ದೊಡ್ಡಪ್ಪ ನನ್ನ ಅಪ್ಪನ ಅಣ್ಣ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ಹೆದರುಪುಕ್ಕಲ ಎಂದರೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ, "ಹೌದು ಕಣಮ್ಮ, ಅದಕ್ಕೇ ಇಷ್ಟು ದಿನ ಬದುಕಿದೀನಿ" ಎನ್ನುತ್ತಿದ್ದರು. ಅವರು ಬೈಕು ಓಡಿಸುತ್ತಿರಲಿಲ್ಲ. ದೊಡ್ಡಮ್ಮ ಓಡಿಸುತ್ತಿದ್ದರು, ದೊಡ್ಡಪ್ಪ ಹಿಂದೆ ಫೋಮಿನ ಸುರುಳಿಯನ್ನು ಅಪ್ಪಿಕೊಂಡು ಕೂರುತ್ತಿದ್ದರು. ಎದುರಿಗೆ ಬಂದವರಿಗೆ ಫೋಮೂ ದೊಡ್ಡಪ್ಪನೂ ಒಂದೇ ಎನ್ನುವ ಹಾಗೆ ಕಾಣುತ್ತಿತ್ತು.

ಬೈಕು ಮಾತ್ರ ಇಬ್ಬರದೂ ಅಲ್ಲ. ಅದು ದೊಡ್ಡಮ್ಮನ ತಮ್ಮನದು. ಆತ ಇನ್ನೂ ಮೀಸೆ ಸರಿಯಾಗಿ ಮೂಡದ ವಯಸ್ಸಿನಲ್ಲಿ ವೆಲ್ಡಿಂಗ್ ಕೆಲಸ ಸಿಕ್ಕಿತೆಂದು ಸಮುದ್ರದಾಚೆಯ ದೇಶಕ್ಕೆ ಹೋದವನು. ಹೋಗುವ ದಿನ ಬೈಕನ್ನು ಅಕ್ಕನ ಅಂಗಳದಲ್ಲಿ ನಿಲ್ಲಿಸಿ, ಕೀಲಿಯನ್ನು ಅವರ ಕೈಯಲ್ಲಿಟ್ಟು, "ನಾನು ಬರೋವರೆಗೂ ನೋಡ್ಕೋ ಅಕ್ಕ. ದಿನಾ ಒಂದ್ಸಲ ಸ್ಟಾರ್ಟ್ ಮಾಡು. ಗಾಡಿ ನಿಂತ್ರೆ ಕೆಡುತ್ತೆ" ಎಂದನಂತೆ. ದೊಡ್ಡಮ್ಮ ಮಾತಿಗೆ ತಪ್ಪುವವರಲ್ಲ. ಮೊದಲು ಕಿಕ್ಕರ್ ಒದೆಯುವುದನ್ನು ಕಲಿತರು. ಆಮೇಲೆ, ಇಷ್ಟು ಕಷ್ಟಪಟ್ಟು ಎಬ್ಬಿಸಿದ ಮೇಲೆ ಸುಮ್ಮನೆ ಮಲಗಿಸುವುದೇಕೆ ಎಂದು ಬೀದಿಯ ತುದಿಯವರೆಗೆ ಓಡಿಸಿದರು. ಬೀದಿಯ ತುದಿ ತಲುಪಿದವರು ಮುಖ್ಯರಸ್ತೆಗೆ ಹೋಗದೆ ಇರುತ್ತಾರೆಯೇ. ಕ್ರಮೇಣ ಗಿರಾಕಿಗಳ ಮನೆಗೆ ಅಳತೆ ತೆಗೆಯಲು ಹೋಗುವುದು, ಸೀಟು ಹೊತ್ತು ತರುವುದು ಎಲ್ಲ ಅದರ ಮೇಲೆಯೇ ಆಯಿತು. ಮೊದಮೊದಲು "ತಮ್ಮನ ಗಾಡಿ" ಎನ್ನುತ್ತಿದ್ದರಂತೆ. ದಿನಾ ಹೇಳುವ ಮಾತು ಸವೆಯುತ್ತದೆ. ಗಾಡಿ ಬಿದ್ದುಹೋಗಿ ಬರೀ "ತಮ್ಮ" ಉಳಿಯಿತು. ತಮ್ಮನಿಗೆ ಕೆಮ್ಮು, ತಮ್ಮನಿಗೆ ಹೊಸ ಚೈನು, ತಮ್ಮ ಇವತ್ತು ಮಳೆಯಲ್ಲಿ ನೆನೆದ. ಬೀದಿಯವರಿಗೆ ಅಭ್ಯಾಸವಾಗಿತ್ತು. ಹೊಸಬರು ನನ್ನ ಹಾಗೆ ಬೆಚ್ಚಿಬೀಳುತ್ತಿದ್ದರು.

ನಿಜವಾದ ತಮ್ಮ ಬರಲಿಲ್ಲ. ಅವನಿಗೆ ನಾನು ಮಾವ ಎನ್ನುತ್ತಿದ್ದೆ, ಆದರೆ ನೋಡಿರಲಿಲ್ಲ. ವರ್ಷಕ್ಕೊಮ್ಮೆ ಹೊಸ ವರ್ಷದ ಹೊತ್ತಿಗೆ ಫೋನು ಬರುತ್ತಿತ್ತು. ಅಕ್ಕ ಚೆನ್ನಾಗಿದೀಯಾ, ಭಾವ ಹೇಗಿದಾರೆ, ಗಾಡಿ ಹೇಗಿದೆ, ಮುಂದಿನ ವರ್ಷ ನೋಡೋಣ. ಅಷ್ಟೇ. ಫೋನು ಇಟ್ಟಮೇಲೆ ದೊಡ್ಡಮ್ಮ ಅಂಗಳಕ್ಕೆ ಹೋಗಿ ಪ್ಲಗ್ ಬಿಚ್ಚಿ ಮರಳುಕಾಗದದಲ್ಲಿ ತಿಕ್ಕುತ್ತಿದ್ದರು, ಅವನು ನಾಳೆಯೇ ಬಂದು ಹತ್ತಿ ಹೊರಡುತ್ತಾನೆ ಎನ್ನುವ ಹಾಗೆ. ಅವರ ಅಮ್ಮ ತೀರಿಕೊಂಡಾಗಲೂ ಅವನಿಗೆ ಬರಲಾಗಿರಲಿಲ್ಲ. ಕಾಗದಪತ್ರದ ತೊಡಕು, ರಜೆಯ ತೊಡಕು. ಎಲ್ಲ ಮುಗಿದ ಮೇಲೆ ಫೋನು ಮಾಡಿ "ಈಗ ಬರ್ಲಾ ಅಕ್ಕ?" ಎಂದನಂತೆ. "ಇನ್ಯಾಕೆ ಬರ್ತೀಯ" ಎಂದರಂತೆ ಇವರು. ಇದನ್ನು ನನಗೆ ಹೇಳಿದ್ದು ದೊಡ್ಡಪ್ಪ. ದೊಡ್ಡಮ್ಮ ಆ ಮಾತನ್ನು ಎಂದೂ ಎತ್ತುತ್ತಿರಲಿಲ್ಲ.

ನಾನು ಓದು ಮುಗಿಸಿ ಅದೇ ಊರಲ್ಲಿ ಕೆಲಸಕ್ಕೆ ಸೇರಿ, ಬೇರೆ ಮನೆ ಹುಡುಕುತ್ತೇನೆ ಎಂದು ಬಾಯಿಮಾತಿಗೆ ಹೇಳುತ್ತ ಅಲ್ಲೇ ಉಳಿದುಕೊಂಡಿದ್ದ ಕಾಲ. ಒಂದು ಭಾನುವಾರ ಮಾವನ ಫೋನು ಬಂತು. ಹೊಸ ವರ್ಷವಲ್ಲ, ಏನಲ್ಲ. ದೊಡ್ಡಮ್ಮನ ಕೈಯೆಲ್ಲ ಅಂಟಾಗಿದ್ದರಿಂದ ನಾನು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

"ಅಕ್ಕ, ಕೆಲಸದಿಂದ ನಿವೃತ್ತಿ ಆಯ್ತು. ಮನೆ ಹಿಂದೆ ಒಂದು ಷೆಡ್ಡಿದೆ. ಗಾಡಿ ಕಳಿಸ್ತೀಯಾ?"

"ಕಳಿಸ್ತೀಯಾ ಅಂದ್ರೆ?"

"ಹಡಗಲ್ಲಿ. ಇಲ್ಲಿಗೆ. ಖರ್ಚು ನಂದು. ಎಲ್ಲ ವಿಚಾರಿಸಿದೀನಿ, ಹಳೇ ಗಾಡಿಗೆ ಇಲ್ಲಿ ಅನುಮತಿ ಸಿಗುತ್ತೆ."

ದೊಡ್ಡಮ್ಮ ಕೈಯಲ್ಲಿದ್ದ ಬ್ರಷ್ಷನ್ನು ಅಂಟಿನ ಡಬ್ಬಿಯಲ್ಲಿ ಬಿಟ್ಟರು. "ಅಲ್ಲಿ ಬೈಕು ಸಿಗಲ್ವಾ?"

"ಸಿಗುತ್ತೆ. ಬೇಕಾದಷ್ಟು ಸಿಗುತ್ತೆ."

"ಮತ್ತೆ ಅಲ್ಲೇ ಒಂದು ತಗೋ."

"ಅದು ಬೇರೆ, ಇದು ಬೇರೆ ಅಕ್ಕ" ಎಂದ ಮಾವ. ದೊಡ್ಡಮ್ಮ "ನೋಡೋಣ" ಎಂದು ನನಗೆ ಕಣ್ಸನ್ನೆ ಮಾಡಿ ಫೋನು ಇಡಿಸಿದರು.

ಅಂದಿನಿಂದ ಮನೆಯಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ದೊಡ್ಡಪ್ಪ ಕಳಿಸುವ ಪಕ್ಷ. "ಅವನ ವಸ್ತು, ಅವನು ಕೇಳ್ತಿದಾನೆ. ಕೊಟ್ಟು ಕೈ ತೊಳ್ಕೊ. ನಾವು ಇಟ್ಕೊಂಡ್ರೆ ಲಪಟಾಯಿಸಿದಂಗಾಗುತ್ತೆ." ಎದುರಿನ ಕ್ಷೌರದವನು ಕೊಳ್ಳುವ ಪಕ್ಷ. ಗಿರಾಕಿಯ ಗಲ್ಲಕ್ಕೆ ಸಾಬೂನು ಹಚ್ಚುತ್ತಲೇ ಅವನು ರಸ್ತೆಯಾಚೆಯಿಂದ ವಾದ ಮಾಡುತ್ತಿದ್ದ. ಹಡಗಿನ ಬಾಡಿಗೆಗೆ ಅಲ್ಲಿ ಇದಕ್ಕಿಂತ ಒಳ್ಳೆಯ ಗಾಡಿ ಬರುತ್ತೆ, ಬಿಡಿಭಾಗ ಕೆಟ್ಟರೆ ಅಲ್ಲಿ ಯಾರು ಕೊಡ್ತಾರೆ, ಇದು ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ ಹಾಗೆ. ನಡುವೆ ಸಿಕ್ಕಿದ ಗಿರಾಕಿ ಅರ್ಧ ಬೋಳಿಸಿದ ಮುಖ ಹೊತ್ತು ಎರಡೂ ಕಡೆಗೆ ತಲೆಯಾಡಿಸುತ್ತಿದ್ದ. ವಿಚಾರಿಸುವ ಕೆಲಸ ನನ್ನ ತಲೆಗೆ ಬಿತ್ತು. ಕಚೇರಿಯ ಊಟದ ಬಿಡುವಿನಲ್ಲಿ ಕೂತು ನಾಲ್ಕು ಕಡೆ ಕೇಳಿದೆ. ಕ್ಷೌರದವನು ಹೇಳಿದ್ದೇ ನಿಜ. ಲೆಕ್ಕ ಹಾಕುವ ಬುದ್ಧಿಯಿರುವ ಯಾರೂ ಆ ಬೈಕನ್ನು ಹಡಗು ಹತ್ತಿಸುವುದಿಲ್ಲ.

ಹಾಗಿದ್ದರೂ ದೊಡ್ಡಮ್ಮನಿಗೆ ಸಮಾಧಾನವಿರಲಿಲ್ಲ. ಖರ್ಚಿನ ಮಾತಿನಿಂದ ಅವರ ಮುಖದ ಗಂಟು ಸಡಿಲವಾಗಲಿಲ್ಲ. ಒಂದು ಸಂಜೆ ಬಾಗಿಲ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು, ಬೈಕಿನ ಕಡೆ ಗದ್ದ ತೋರಿಸಿ, ತಾವಾಗಿಯೇ ಹೇಳಿದರು.

"ಇದು ಇಲ್ಲಿದ್ರೆ ಅವನಿಗೆ ಇಲ್ಲೊಂದು ವಸ್ತು ಇದೆ ಅಂತ. ಒಂದಲ್ಲ ಒಂದು ದಿನ ತಗೊಳ್ಳೋಕಾದ್ರೂ ಬರ್ತಾನೆ. ಇದನ್ನೂ ಕಳಿಸಿಬಿಟ್ರೆ ಅವನಿಗೆ ಇಲ್ಲೇನು ಕೆಲಸ ಹೇಳು? ಗಾಡಿ ಹೋದ ದಿನ ಅವನು ಬರೋದೂ ಮುಗೀತು."

"ನೀವಿದೀರಲ್ಲ ದೊಡ್ಡಮ್ಮ" ಎಂದೆ.

"ನಾನೇನು ಗಾಡಿನಾ, ಬಿಟ್ಟು ಹೋಗಿದೀನಿ ಅಂತ ನೆನಪಿಟ್ಕೊಂಡು ಬರೋಕೆ" ಎಂದರು.

ನನಗೆ ಅಂದು ಅವರ ಮೇಲೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು. ಬಾ ಎಂದು ಒಂದು ಮಾತು ಹೇಳಿದರೆ ಇವರ ಗಂಟೇನು ಹೋಗುತ್ತದೆ ಎನಿಸಿತು. ಆದರೆ ಅಕ್ಕನಾದವಳು ಬಾಯಿಬಿಟ್ಟು ಕರೆಯಬೇಕೇ, ತಮ್ಮನಿಗೆ ತಾನಾಗಿ ಅನಿಸಬಾರದೇ ಎನ್ನುವುದು ಅವರ ಹಟ. ಆ ಹಟವನ್ನು ಅವರು ಅಷ್ಟು ವರ್ಷ ಆ ಬೈಕಿನ ಹಾಗೆಯೇ ದಿನಾ ಎಬ್ಬಿಸಿ ಒರೆಸಿ ಇಟ್ಟುಕೊಂಡಿದ್ದರು.

ಕೊನೆಗೆ ದೊಡ್ಡಪ್ಪನೇ ಗೆದ್ದರು. "ಹೋಗಲಿ. ಕೇಳಿದ್ದನ್ನ ಇಲ್ಲ ಅನ್ನೋಕಾಗಲ್ಲ" ಎಂದು ದೊಡ್ಡಮ್ಮ ಒಂದು ಬೆಳಗ್ಗೆ ಚಹಾದ ಲೋಟ ಕೆಳಗಿಟ್ಟು ಎದ್ದರು. ಹಡಗಿಗೆ ಹಾಕುವ ಗಾಡಿಯ ಟ್ಯಾಂಕಿನಲ್ಲಿ ಒಂದು ಹನಿ ಪೆಟ್ರೋಲ್ ಇರಬಾರದು, ಬ್ಯಾಟರಿಯ ತಂತಿ ಬಿಚ್ಚಿರಬೇಕು, ಚಕ್ರದ ಸಂದಿಯಲ್ಲೂ ಮಣ್ಣಿರಬಾರದು, ಒಂದು ದೇಶದ ಮಣ್ಣನ್ನು ಇನ್ನೊಂದು ದೇಶ ಒಳಗೆ ಬಿಡುವುದಿಲ್ಲ ಎಂದು ನಾನು ಕೇಳಿದ್ದನ್ನೆಲ್ಲ ಒಪ್ಪಿಸಿದೆ. ದೊಡ್ಡಮ್ಮ ತೋಳು ಮಡಚಿದರು. ನಾನು ನೀರು ಹಿಡಿದೆ, ದೊಡ್ಡಪ್ಪ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚಕ್ರದ ಕಡ್ಡಿ ಕಡ್ಡಿಯನ್ನೂ ತಿಕ್ಕಿದರು. ಮದುವೆ ಮನೆಯ ಪಾತ್ರೆಯನ್ನೂ ಯಾರೂ ಹಾಗೆ ತೊಳೆದಿರಲಾರರು.

ಆಮೇಲೆ ಸೀಟು. "ಹರಕು ಸೀಟು ಕಳಿಸಿದ್ರೆ ಸೀಟಕ್ಕನ ಮಾನ ಹೋಗುತ್ತೆ" ಎಂದು ಹೊಸ ರೆಕ್ಸಿನ್ ಕತ್ತರಿಸಲು ಕೂತರು. ಆ ಸೀಟಿನ ಮೇಲ್ಹೊದಿಕೆಯನ್ನು ಅವರು ಎಷ್ಟೋ ಸಲ ಬದಲಿಸಿದ್ದರು. ಒಳಗಿನ ಫೋಮನ್ನು ಮಾತ್ರ ಮುಟ್ಟಿರಲಿಲ್ಲ. ಅದರಲ್ಲಿ ತಮ್ಮ ಕೂತ ಗುಳಿಯಿದೆ, ಇರಲಿ ಎನ್ನುತ್ತಿದ್ದರು. ಅಂದು ಹಳೆಯ ಹೊದಿಕೆ ಬಿಚ್ಚಿ, ಆ ಗುಳಿಯ ಮೇಲೆ ಅಂಗೈಯಿಟ್ಟು ಅಳೆದರು. ಅಳೆದವರು ಮತ್ತೊಮ್ಮೆ ಅಳೆದರು. ಆಮೇಲೆ ಎದ್ದು, ತಾವು ಹೊಲಿಯುವಾಗ ಕೂರುವ ಸ್ಟೂಲಿನ ದಿಂಬನ್ನು ತಂದು ಅದರ ಪಕ್ಕ ಇಟ್ಟು ನೋಡಿದರು.

"ಇದು ಅವನ ಗುಳಿ ಅಲ್ಲ ಕಣೇ" ಎಂದರು ನನಗೆ. "ನಂದು. ಎಡಗಡೆ ಭಾರ ನೋಡು. ಅವನು ಕೂತಿದ್ದು ಯಾವಾಗಲೋ ಅಳಿಸಿಹೋಗಿದೆ. ಇಷ್ಟು ವರ್ಷ ನನ್ನ ಗುಳಿನೇ ನಾನು ಕಾಪಾಡಿದೀನಿ."

ನಗುತ್ತಲೇ ಹೇಳಿದರು. ಆದರೆ ಹೊಸ ರೆಕ್ಸಿನ್ನಿಗೆ ಅವರು ಹಾಕಿದ ಹೊಲಿಗೆ ಮೊದಲ ಬಾರಿಗೆ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹಾಕಿದರು.

ಮರುದಿನ ಸಾಗಣೆ ಕಚೇರಿಗೆ ಫೋನು. ನಾನೇ ಮಾತಾಡುತ್ತೇನೆ ಎಂದೆ. "ಯಾಕೆ, ನನಗೆ ಬಾಯಿಲ್ವಾ" ಎಂದು ದೊಡ್ಡಮ್ಮ ಫೋನು ಎಳೆದುಕೊಂಡರು. ಸ್ಪೀಕರ್ ಹಾಕಿತ್ತು. ಆ ಕಡೆ ಒಬ್ಬ ಗುಮಾಸ್ತ, ಎಳೆಯ ದನಿ, ಬಹಳ ವಿನಯ.

"ಹೇಳಿ ಮೇಡಂ, ಏನು ಕಳಿಸಬೇಕಿತ್ತು?"

"ತಮ್ಮನ್ನ ಕಳಿಸಬೇಕಿತ್ತಪ್ಪ. ಹಡಗಲ್ಲಿ."

"ನಾವು ಪ್ರಯಾಣಿಕರನ್ನ ಕಳಿಸಲ್ಲ ಮೇಡಂ. ಸರಕು ಮಾತ್ರ."

"ಗೊತ್ತಪ್ಪ. ಪೆಟ್ಟಿಗೆಯಲ್ಲೇ ಕಳಿಸೋದು. ಮರದ ಪೆಟ್ಟಿಗೆ ನಾವು ಮಾಡಿಸಬೇಕಾ, ನೀವೇ ಕೊಡ್ತೀರಾ?"

ಆ ಕಡೆಯ ದನಿ ಮೆತ್ತಗಾಯಿತು. ಮೇಡಂ ಹೋಗಿ ಅಮ್ಮ ಆಗಿತ್ತು. "ಪೆಟ್ಟಿಗೆ ನಾವೇ ಕೊಡ್ತೀವಮ್ಮ. ನೀವು ಅದರ ಚಿಂತೆ ಮಾಡಬೇಡಿ."

"ಒಳಗಿರೋದೆಲ್ಲ ಖಾಲಿ ಮಾಡಬೇಕು ಅಂದ್ರು. ಮಾಡಿದೀನಿ. ಮೈಯೆಲ್ಲ ತೊಳೆದು ಒರೆಸಿದೀನಿ. ಒಂದು ಚೂರು ಮಣ್ಣಿಲ್ಲ."

"ಅಯ್ಯೋ ಪಾಪ. ನೀವೇ ಎಲ್ಲ ಮಾಡಿದ್ರಾ? ಯಾವಾಗಮ್ಮ ಆಗಿದ್ದು?"

"ತೊಳೆದಿದ್ದಾ? ನಿನ್ನೆ."

"ಅಲ್ಲಮ್ಮ. ತಮ್ಮ ಹೋಗಿದ್ದು."

"ಹೋಗಿ ಬಹಳ ವರ್ಷ ಆಯ್ತಪ್ಪ."

"ಬಹಳ ವರ್ಷಾನಾ?" ಎಂದ ಅವನು. "ಇಲ್ಲೀವರೆಗೂ ಎಲ್ಲಿ ಇಟ್ಟಿದ್ರಮ್ಮ?"

"ಎಲ್ಲಿ ಅಂದ್ರೆ? ಇಲ್ಲೇ ಅಂಗಳದಲ್ಲಿ. ದಿನಾ ಬೆಳಗ್ಗೆ ಎಬ್ಬಿಸ್ತೀನಲ್ಲ."

ನಾನು ಅಷ್ಟು ಹೊತ್ತಿಗೆ ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಿದ್ದೆ. ದೊಡ್ಡಪ್ಪ ಪತ್ರಿಕೆಯನ್ನು ಮುಖಕ್ಕೆ ಒತ್ತಿಕೊಂಡು ಅಲುಗಾಡುತ್ತಿದ್ದರು. ಏನಾಯಿತೆಂದು ದೊಡ್ಡಮ್ಮನಿಗೆ ತಿಳಿಯಲೇ ಇಲ್ಲ. ನಾನು ಫೋನು ಕಿತ್ತುಕೊಂಡು, "ಬೈಕು ಸಾರ್, ಬೈಕು. ನಮ್ಮ ಮನೇಲಿ ಬೈಕಿಗೆ ತಮ್ಮ ಅಂತೀವಿ" ಎಂದೆ. ಆ ಹುಡುಗ ಬಿಟ್ಟ ಉಸಿರಿಗೆ ಫೋನು ಬಿರುಗಾಳಿ ಹೊಡೆದಂತೆ ಸದ್ದು ಮಾಡಿತು. ಅವನೂ ನಕ್ಕ. ದೊಡ್ಡಮ್ಮನಿಗೆ ಈಗ ಅರ್ಥವಾಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ತಪ್ಪು ತಿಳ್ಕೋಬೇಡಿ ಅಮ್ಮ" ಎಂದ ಅವನು ನಗು ಇಳಿದ ಮೇಲೆ. "ಮೊನ್ನೆ ತಾನೆ ಒಬ್ಬರು ಅಕ್ಕ ಹೀಗೇ ಫೋನ್ ಮಾಡಿದ್ರು. ಅವರದು ನಿಜವಾಗ್ಲೂ ತಮ್ಮನೇ. ಹೊರದೇಶದಿಂದ ಪೆಟ್ಟಿಗೆಯಲ್ಲಿ ಇಲ್ಲಿಗೆ ತರಿಸ್ಕೊಂಡ್ರು. ಇದ್ದಾಗ ಬರೋಕೇ ಆಗಿರಲಿಲ್ಲವಂತೆ. ಅದೇ ಗುಂಗಲ್ಲಿದ್ದೆ. ಹ್ಞಾಂ, ಗಾಡಿ ಯಾವತ್ತು ಕಳಿಸೋಣ ಅಂತೀರಿ?"

ದೊಡ್ಡಮ್ಮ ಕಣ್ಣೊರೆಸಲು ಎತ್ತಿದ ಕೈ ಹಾಗೇ ಕೆನ್ನೆಯ ಮೇಲಿತ್ತು. ಅವನು "ಅಮ್ಮ? ಅಮ್ಮ?" ಎಂದ. ಆಮೇಲೆ ಮಾಡುತ್ತೇವೆ ಎಂದು ಹೇಳಿ ನಾನೇ ಫೋನು ಇಟ್ಟೆ.

ದೊಡ್ಡಪ್ಪ ಎದ್ದು ಬಂದು ಹೆಂಡತಿಯ ಎದುರಿನ ಕುರ್ಚಿಯಲ್ಲಿ ಕೂತರು. ಅವರಿಗೆ ಹೆದರಿಕೆಯಾಗಿತ್ತು. "ಯಾಕೆ? ಏನಾಯ್ತು?"

"ಅವನೂ ಹೀಗೇ ಬರ್ತಾನೆ" ಎಂದರು ದೊಡ್ಡಮ್ಮ. "ಪೆಟ್ಟಿಗೆಯಲ್ಲಿ. ಆಗ ಇದೇ ಹುಡುಗನಿಗೆ ಫೋನ್ ಮಾಡಬೇಕಾಗುತ್ತೆ ನಾನು."

"ಬಿಡ್ತು ಅನ್ನು. ಎಂಥ ಮಾತಾಡ್ತೀಯ."

"ಗಾಡಿನ ತಮ್ಮ ತಮ್ಮ ಅಂತ ಕರೆದೆ. ದಿನಾ ಕರೆದೆ. ಇಡೀ ಬೀದಿ ಕರೀತು. ತಮ್ಮನ್ನೇ ಒಂದ್ಸಲ ಕರೀಲಿಲ್ಲ ಕಣ್ರೀ ನಾನು."

ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ದಬ್ಬಣ ಅಂಗೈಗೆ ನಾಟಿದಾಗಲೂ ಹಲ್ಲು ಕಚ್ಚಿ ಎಳೆದು ಹಾಕಿದವರು. ನನಗೆ ಏನು ಮಾಡಬೇಕೆಂದು ತಿಳಿಯದೆ ಪಕ್ಕದಲ್ಲಿ ಕೂತು ಅವರ ಮೊಣಕೈ ಹಿಡಿದುಕೊಂಡೆ. ಅತ್ತು ಮುಗಿದ ಮೇಲೆ ಮೂಗೊರೆಸಿಕೊಂಡು, "ಅವನಿಗೆ ಫೋನ್ ಹಚ್ಚು" ಎಂದರು. ಅಲ್ಲಿ ಆಗಿನ್ನೂ ಬೆಳಕು ಹರಿಯುವ ಹೊತ್ತು, ಸ್ವಲ್ಪ ತಡೆಯೋಣ ಎಂದೆ. "ಎಷ್ಟು ತಡೆಯೋದು" ಎಂದರು.

ಮಾವನ ದನಿ ನಿದ್ದೆಯಲ್ಲಿತ್ತು. "ಅಕ್ಕ? ಪೆಟ್ಟಿಗೆ ಹೊರಡ್ತಾ?"

"ಹೊರಡಲ್ಲ. ಗಾಡಿ ಕಳಿಸಲ್ಲ ನಾನು. ಬೈಕು ಬೇಕಾದ್ರೆ ಅಲ್ಲೇ ತಗೋ."

"ಅದು ನಂದಲ್ವಾ ಅಕ್ಕ?"

"ನಿಂದೇ. ಅದಕ್ಕೇ ಹೇಳ್ತಿರೋದು. ಬಾ."

ಸಂಪರ್ಕ ಕಡಿಯಿತೇನೋ ಎಂದು ನಾನು ಫೋನಿನ ಮೇಲೆ ಬಗ್ಗಿದೆ.

"ಏನಂದೆ ಅಕ್ಕ?"

"ಬಾ ಅಂದೆ."

"ಇನ್ನೊಂದ್ಸಲ ಹೇಳು."

"ಬಾರೋ. ಕಿವಿ ಕೇಳಿಸಲ್ವಾ ನಿನಗೆ?"

ಮಾವ ಹಾಸಿಗೆಯಲ್ಲಿ ಎದ್ದು ಕೂತ ಸದ್ದು ಕೇಳಿಸಿತು. "ಅಮ್ಮ ಹೋದಾಗ ನೀನೇ ಅಲ್ವಾ ಇನ್ಯಾಕೆ ಬರ್ತೀಯ ಅಂದಿದ್ದು."

"ಅಂದೆ. ಹೊಟ್ಟೆ ಉರೀತಿತ್ತು, ಅಂದೆ. ಬರಬೇಡ ಅಂದ್ನಾ?"

"ನನಗೆ ಹಾಗೇ ಕೇಳಿಸ್ತು. ಅಮ್ಮನ ಮಣ್ಣಿಗೆ ಬರದೇ ಇದ್ದವನು ಯಾವ ಮುಖ ಹೊತ್ಕೊಂಡು ಬರ್ಲಿ ಅಂತ ಸುಮ್ಮನಾದೆ. ಪ್ರತಿ ಸಲ ಫೋನ್ ಮಾಡಿದಾಗ್ಲೂ ಈಗ ಬಾ ಅಂತೀಯ, ಈಗ ಅಂತೀಯ ಅಂತ ಕಾಯ್ತಿದ್ದೆ. ನೀನು ಗಾಡಿ ಚೆನ್ನಾಗಿದೆ ಅಂತಿದ್ದೆ."

"ಮತ್ತೆ ಈಗ ಗಾಡಿ ಯಾಕೆ ಕೇಳ್ದೆ?"

"ನಾನು ಬರೋ ಹಾಗಿಲ್ಲ, ಅದಾದ್ರೂ ಬರಲಿ ಅಂತ. ಆ ಮನೆಯದು ಒಂದಾದ್ರೂ ನನ್ನ ಹತ್ರ ಇರಲಿ ಅಂತ."

ದೊಡ್ಡಮ್ಮ ನನ್ನ ಮುಖ ನೋಡಿದರು, ದೊಡ್ಡಪ್ಪನ ಮುಖ ನೋಡಿದರು. ಆಮೇಲೆ ಫೋನಿಗೆ, "ಇಬ್ಬರೂ ಸೇರಿ ಎಂಥ ಕತ್ತೆಗಳೋ ನಾವು" ಎಂದರು.

ಮಾವ ಬಂದಮೇಲೆ ನಡೆದದ್ದನ್ನೆಲ್ಲ ಹೇಳುತ್ತ ಕೂತರೆ ಮುಗಿಯುವುದಿಲ್ಲ. ಬಂದ, ಸುಮಾರು ದಿನ ಇದ್ದ. ಬೈಕನ್ನು ಒಂದೇ ಒಂದು ಸಲ ಓಡಿಸಿದ. ಬೀದಿಯ ತುದಿಯಿಂದ ತಿರುಗಿ ಬಂದು, "ಈ ಸೀಟು ನನ್ನ ಅಳತೆದಲ್ಲ ಅಕ್ಕ. ಎಡಕ್ಕೆ ಜಾರ್ತೀನಿ" ಎಂದು ಇಳಿದವನು ಮತ್ತೆ ಮುಂದೆ ಕೂರಲಿಲ್ಲ. ಅಕ್ಕನ ಹಿಂದೆ ಫೋಮು ಅಪ್ಪಿಕೊಂಡು ಊರೆಲ್ಲ ಸುತ್ತಿದ. ದೊಡ್ಡಪ್ಪ ತಮ್ಮ ಜಾಗ ಹೋಯಿತೆಂದು ಗೊಣಗಿದರೂ ಒಳಗೊಳಗೆ ಜೀವ ಉಳಿಯಿತೆಂದು ಖುಷಿಯಾಗಿದ್ದರು. ವಾಪಸು ಹೋದಮೇಲೆ ಮಾವ ಅಲ್ಲೇ ಒಂದು ಹಳೆಯ ಬೈಕು ಕೊಂಡ. ಅದಕ್ಕೆ ಏನು ಹೆಸರಿಟ್ಟನೆಂದು ಬೇರೆ ಹೇಳಬೇಕಾಗಿಲ್ಲ. "ಅಕ್ಕ ಇವತ್ತು ಸಿಟ್ಟು ಮಾಡ್ಕೊಂಡಿದಾಳೆ, ಹೊಗೆ ಬಿಡ್ತಿದಾಳೆ" ಎಂದು ಫೋನು ಮಾಡಿ ಅಕ್ಕನ ಹತ್ತಿರವೇ ದೂರುತ್ತಿದ್ದ. ಆಮೇಲೆ ದೊಡ್ಡಮ್ಮ ಇರುವವರೆಗೂ ವರ್ಷ ಬಿಟ್ಟು ವರ್ಷ ಬಂದ. ಕಳಿಸುವುದೋ ಕೊಳ್ಳುವುದೋ ಎನ್ನುವ ವಾದ ಹಾಗೆ ಮುಗಿಯಿತು. ಕ್ಷೌರದವನು ಮಾತ್ರ ತನ್ನ ಮಾತೇ ಗೆದ್ದಿತೆಂದು ಸಾಯುವವರೆಗೂ ಹೇಳಿಕೊಂಡ.

ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಮಾವ ಬಂದ ಮಾರನೆಯ ಬೆಳಗ್ಗೆ. ಹಿಂದಿನ ಸಂಜೆ ಬಂದಿಳಿದವನು ನೋಡಲು ದೊಡ್ಡಮ್ಮನಂತೆಯೇ, ಅದೇ ಗದ್ದ, ಅದೇ ದಪ್ಪ ಹುಬ್ಬು, ತಲೆ ಮಾತ್ರ ಬೋಳು. ಅಕ್ಕ ತಮ್ಮ ಬಾಗಿಲಲ್ಲಿ ಎದುರುಬದುರು ನಿಂತು, ಇಷ್ಟು ದಪ್ಪ ಆಗಿದೀಯಲ್ಲೋ, ನೀನೇನು ಕಡ್ಡಿನಾ ಎಂದು ಜಗಳವಾಡಿಕೊಂಡೇ ಒಳಗೆ ಬಂದಿದ್ದರು. ಉಂಡು, ಮಾತಾಡುತ್ತಲೇ ಮಾವ ಮುಂದಿನ ಕೋಣೆಯಲ್ಲಿ ಫೋಮಿನ ರಾಶಿಯ ಮೇಲೆ ನಿದ್ದೆಹೋಗಿದ್ದ. ದೊಡ್ಡಮ್ಮ ಎಬ್ಬಿಸಬೇಡಿ ಎಂದಿದ್ದರು.

ಬೆಳಗ್ಗೆ ನಾನು ಚಹಾ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೆ. ದೊಡ್ಡಮ್ಮ ಎಂದಿನಂತೆ ಪ್ಯಾಂಟಿನ ಕಾಲು ಮಡಚಿ ಅಂಗಳಕ್ಕಿಳಿದರು. ಪೆಟ್ರೋಲಿನ ನಲ್ಲಿ ತಿರುಗಿಸಿದರು, ಬೈಕನ್ನು ಎಡಕ್ಕೆ ಒಂದು ಸಲ ವಾಲಿಸಿ ನೆಟ್ಟಗೆ ನಿಲ್ಲಿಸಿದರು, ಕಿಕ್ಕರಿನ ಮೇಲೆ ಕಾಲಿಟ್ಟರು. ಎದುರು ಸಾಲಿನಲ್ಲಿ ಷಟರ್ ಗಡಗಡ ಮೇಲೆ ಹೋಯಿತು. ಊರಿಗೆ ಯಾರು ಬಂದಿದ್ದಾರೆ ಎನ್ನುವುದು ಕ್ಷೌರದವನಿಗೆ ಇನ್ನೂ ಗೊತ್ತಿರಲಿಲ್ಲ.

"ಸೀಟಕ್ಕ, ತಮ್ಮ ಎದ್ನಾ?"

ದೊಡ್ಡಮ್ಮ ಉತ್ತರಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ನನ್ನ ಹಿಂದಿನಿಂದ ಬಾಗಿಲು ಕಿರುಗುಟ್ಟಿತು. ಕೆನ್ನೆಯ ಮೇಲೆ ಫೋಮಿನ ಗೆರೆ ಮೂಡಿದ ಮುಖ ಹೊತ್ತು, ಕಣ್ಣುಜ್ಜಿಕೊಳ್ಳುತ್ತ ಮಾವ ಹೊರಗೆ ಬಂದ.

"ಎದ್ದೆ, ಎದ್ದೆ" ಎಂದ ಆಕಳಿಸುತ್ತ. "ಯಾರಪ್ಪ ಅದು, ಬೆಳಬೆಳಗ್ಗೆ ನನ್ನ ಕೇಳ್ತಿರೋದು?"

ಕ್ಷೌರದವನ ಕೈಯಲ್ಲಿದ್ದ ಕೀಲಿಗೊಂಚಲು ಕೆಳಗೆ ಬಿತ್ತು. ದೊಡ್ಡಮ್ಮ ಕಿಕ್ಕರಿನಿಂದ ಕಾಲು ತೆಗೆದು, ಬೈಕಿಗೆ ಒರಗಿ ನಿಂತು, ನಗುತ್ತ ಅಳುತ್ತ ಎದುರಿನವನಿಗೆ ಕೈಬೀಸಿ, "ಹ್ಞೂಂ ಕಣಪ್ಪ, ಎದ್ದ" ಎಂದರು. ಅಂದು ಅವರು ಗಾಡಿಯನ್ನು ಒದೆಯಲೇ ಇಲ್ಲ.